ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ

ತುಮಕೂರಿನ ಬಿ.ಹೆಚ್. ರಸ್ತೆಯಲ್ಲಿ ಒಂದು ಬೇಕರಿಯ ಮೇಲೆ ನಮ್ಮ ಜಾಹೀರಾತು ಏಜೆನ್ಸಿ ಇದೆ. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ‘ಆಫೀಸಿನಲ್ಲಿ’ ಎಂದು ಮಾತು ಮುಗಿಸುತ್ತೇನೆ. ಜಾಹೀರಾತು ಅಂದರೆ ಜನ ಗಾಜಿನ ಕಟ್ಟಡ, ಸಿನಿಮಾ ನಟಿಯರು ಅಂದುಕೊಳ್ಳುತ್ತಾರೆ. ನಮ್ಮಲ್ಲಿಗೆ ಬರುವುದು ಒಡವೆ ಅಂಗಡಿಯ ರಿಯಾಯಿತಿ, ಕಾನ್ವೆಂಟಿನ ಅಡ್ಮಿಷನ್, ಮುಖಂಡರ ಹುಟ್ಟುಹಬ್ಬ, ತೀರಿಕೊಂಡವರ ಶ್ರದ್ಧಾಂಜಲಿ. ಫ್ಲೆಕ್ಸಿನಲ್ಲಿ ಯಾರ ತಲೆ ದೊಡ್ಡದಾಗಿರಬೇಕು ಎಂಬ ಜಗಳವನ್ನು ಬೆಳಗ್ಗೆಯೆಲ್ಲ ಬಿಡಿಸಿ, ಮಧ್ಯಾಹ್ನ ಅದೇ ಕಂಪ್ಯೂಟರಿನಲ್ಲಿ ಸತ್ತವರ ಹಿಂದೆ ಮೋಡ ಜೋಡಿಸುತ್ತೇನೆ.

ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಮಾಡೆಲ್‌ಗಳನ್ನು ಕರೆಸುವಷ್ಟು ತಾಕತ್ತು ನಮ್ಮ ಗಿರಾಕಿಗಳಿಗಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವುದು ನಮ್ಮ ಕಡೆಯವರಲ್ಲದ ಮುಖಗಳು. “ನಮ್ ಜನ ನಮ್ ಥರದ ಮುಖ ನೋಡಿದ್ರೇನೇ ನಂಬೋದು” ಎನ್ನುವುದು ನಮ್ಮ ಸಾಹೇಬರ ಸಿದ್ಧಾಂತ. ಹಾಗಾಗಿ ಆಫೀಸಿನವರೇ ಮಾಡೆಲ್‌ಗಳು. ಬಿಲ್ ಬರೆಯುವವರು ಪೇಟ ಸುತ್ತಿಕೊಂಡು ಟ್ರ್ಯಾಕ್ಟರಿನ ಪಕ್ಕ ರೈತರಾದರು. ಕಸ ಗುಡಿಸುವ ಅಮ್ಮ ಮಂಡಿನೋವಿನ ಎಣ್ಣೆಯ ಅಜ್ಜಿಯಾದರು. ಪಾಪ, ಅವರ ಮಂಡಿ ಈಗಲೂ ನೋಯುತ್ತದೆ. ಸಾಹೇಬರೇ ಕೂದಲು ಉದುರುವ ಜಾಹೀರಾತಿಗೆ ‘ಮೊದಲು’ ಆದರು, ‘ನಂತರ’ಕ್ಕೆ ಬೇರೆಯವರನ್ನು ಹುಡುಕಬೇಕಾಯಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಆಮೇಲೆ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಒಂದು ಆಸ್ಪತ್ರೆಯ ಕೆಲಸ ಬಂತು. ತಾಯಿ ಮತ್ತು ಮಗು ಬೇಕಿತ್ತು. ನನಗೆ ಪುಟ್ಟ ಮಗಳಿದ್ದಾಳೆ. ರೇಷ್ಮೆ ಸೀರೆ ಉಟ್ಟು ಅವಳನ್ನು ಎತ್ತಿಕೊಂಡು ನಿಂತೆ. ‘ನನ್ನ ಮಡಿಲು ತುಂಬಿತು, ನಿಮ್ಮದೂ ತುಂಬಲಿ’ ಎಂದು ಕೆಳಗೆ ಹಾಕಿದ ಸಾಲನ್ನು ಬರೆದವಳೂ ನಾನೇ. ಅದನ್ನು ನೋಡಿ ಸಾಹೇಬರು ಎಲ್ಲರಿಗೂ ಪಫ್ಸ್ ತರಿಸಿದರು. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ. ಅದು ಮಡಿಲು ತುಂಬಿದವಳ ಮಾತಾಗಿರಲಿಲ್ಲ, ಸಂಬಳ ತೆಗೆದುಕೊಳ್ಳುವವಳ ಮಾತಾಗಿತ್ತು ಎಂಬುದು ಆಗ ತಲೆಗೆ ಹೊಳೆಯಲೇ ಇಲ್ಲ.

ಫ್ಲೆಕ್ಸ್ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರುಗಳಲ್ಲಿ ನಿಂತಿತು. ನನ್ನ ಗಂಡನ ಸ್ನೇಹಿತರು ಅವರನ್ನು ಚಹಾದಂಗಡಿಯಲ್ಲಿ ಹಿಡಿದು ‘ನಿಂಗೂ ಚಿಕಿತ್ಸೆ ಬೇಕಾಯ್ತೇನೋ’ ಎಂದು ಕಿಚಾಯಿಸಿದರಂತೆ. ಇವರು ನಕ್ಕುಬಿಟ್ಟರು, ಆದರೆ ಆ ವಾರವೆಲ್ಲ ಬೇರೆ ದಾರಿಯಲ್ಲಿ ಮನೆಗೆ ಬಂದರು. ಅಷ್ಟಕ್ಕೇ ನನಗೆ ಸಾಕಾಗಿತ್ತು. ಅಷ್ಟರಲ್ಲಿ ಕೊತ್ತಗೆರೆಯಿಂದ ಫೋನ್ ಬಂತು.

ಫೋನ್ ಮಾಡಿದವಳು ಗುಬ್ಬಿಯಲ್ಲಿ ಶಾಲೆಯಿಂದಲೂ ನನ್ನ ಜೊತೆ ಓದಿದ ಗೆಳತಿ. ಕುಣಿಗಲ್ ಪಕ್ಕದ ಕೊತ್ತಗೆರೆಗೆ ಮದುವೆಯಾಗಿ ಹೋದವಳು. ಮಕ್ಕಳಾಗಿರಲಿಲ್ಲ. ನನ್ನ ಮಗಳ ನಾಮಕರಣಕ್ಕೂ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

“ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ನಿನ್ನ ನೋಡ್ದೆ ಕಣೇ” ಎಂದಳು. “ನಿಂಗೂ ಇದೇ ಕಷ್ಟ ಇತ್ತಾ? ಒಂದ್ ಮಾತು ಹೇಳ್ಬಾರ್ದಿತ್ತಾ ನನ್ನತ್ರ? ನಂಗೊಬ್ಳಿಗೇ ಹಿಂಗೆ ಅಂತ ಎಷ್ಟ್ ಅತ್ತಿದೀನಿ ಗೊತ್ತಾ?”

ಅವಳು ಅಳುತ್ತಿದ್ದಳು, ಅದರ ನಡುವೆಯೇ ನಗುತ್ತಿದ್ದಳು. ಅಂಥ ಧ್ವನಿಗೆ ‘ಅದು ಬರೀ ಜಾಹೀರಾತು’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಭಾನುವಾರ ಗುಬ್ಬಿಗೆ, ನಮ್ಮಮ್ಮನ ಮನೆಗೆ ಬಾ, ಮಾತಾಡೋಣ ಎಂದೆ. ಎದುರು ಕೂತು ನಿಜ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದೆ.

ಅವಳು ಗಂಡನನ್ನೂ ಕರೆದುಕೊಂಡು ಬಂದಳು. ಅವಳ ಗಂಡ ಜಗಲಿಯ ಮೇಲೆ ಕೂತರು. ಅಮ್ಮ ಅವರ ಹತ್ತಿರ ಕೊಬ್ಬರಿ ರೇಟಿನ ಮಾತು ತೆಗೆದಳು. ನಾವಿಬ್ಬರೂ ಅಡುಗೆಮನೆ ಸೇರಿದೆವು. ಕಾಫಿಗೆ ಹಾಲಿಡುತ್ತಾ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಚಿಕಿತ್ಸೆ ಇಲ್ಲ, ಗಿಕಿತ್ಸೆ ಇಲ್ಲ, ಆ ಆಸ್ಪತ್ರೆಯ ಒಳಗೆ ನಾನು ಕಾಲೇ ಇಟ್ಟಿಲ್ಲ ಎಂದೆ.

“ಹಂಗಾದ್ರೆ ನಿನ್ ಮಗಳು?”

“ಹಂಗೇ ಆಗಿದ್ದು” ಎಂದೆ. ನನಗೆ ಮಗುವಾದದ್ದನ್ನು ಕಳ್ಳತನದಂತೆ ಒಪ್ಪಿಕೊಳ್ಳಬೇಕಾಗಿ ಬರುತ್ತದೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಉಕ್ಕಿದ ಹಾಲನ್ನು ತಾನೇ ಇಳಿಸಿ, ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು.

“ಇದನ್ನ ಅವರತ್ರ ಹೇಳ್ಬೇಡ. ಇಷ್ಟ್ ವರ್ಷದಿಂದ ನಾನೊಬ್ಳೇ ಆಸ್ಪತ್ರೆ ಆಸ್ಪತ್ರೆ ಸುತ್ತಿದೀನಿ. ಡಾಕ್ಟ್ರು ನಿಮ್ಮೆಜಮಾನ್ರನ್ನೂ ಕರ್ಕೊಂಬನ್ನಿ ಅಂದ್ರೆ, ಇವರು ಗಂಡಸ್ರಿಗೆಲ್ಲ ಏನೂ ಇರಲ್ಲ ಬುಡು ಅಂತಿದ್ರು. ಅವರವ್ವಾನೂ ಅದನ್ನೇ ಅಂತಿದ್ರು. ನಿನ್ ಫೋಟೊ ನೋಡಿದ್ಮೇಲೆ, ಗೊತ್ತಿರೋರ ಮನೇಲೇ ಆಗೈತಲ್ಲ, ನಾನೂ ಒಂದ್ಸಲ ತೋರಿಸ್ಕೊತೀನಿ ಅಂದವ್ರೆ. ಈಗ ನೀನು ಸುಳ್ಳು ಅಂದ್ರೆ, ಇನ್ನು ಈ ಜನ್ಮದಲ್ಲಿ ಬರಲ್ಲ.”

“ಆ ಆಸ್ಪತ್ರೆ ಹೆಂಗೋ ಏನೋ ನಂಗೊತ್ತಿಲ್ಲ ಕಣೇ.”

“ಆಸ್ಪತ್ರೆ ನಾನ್ ನೋಡ್ಕೊತೀನಿ. ಮೊದ್ಲು ಅವರು ಬರ್ಲಿ.”

ನಾನು ನಿಜ ಹೇಳಿ ಹಗುರಾಗಲು ಬಂದವಳು. ಅವಳಿಗೆ ಬೇಕಾಗಿದ್ದು ನನ್ನ ನಿಜವಲ್ಲ.

ಕಾಫಿ ತೆಗೆದುಕೊಂಡು ಹೊರಗೆ ಬಂದೆವು. ಅಮ್ಮ ತಿಂಡಿ ತರಲು ಒಳಗೆ ಹೋದದ್ದೇ ತಡ, ಅವಳ ಗಂಡ ಗಂಟಲು ಸರಿಮಾಡಿಕೊಂಡರು. ನನ್ನ ಮುಖ ನೋಡಲಿಲ್ಲ, ತಮ್ಮ ಚಪ್ಪಲಿ ನೋಡುತ್ತಾ ಕೇಳಿದರು. “ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಮ್ಮ. ನಿಮ್ಮೆಜಮಾನ್ರಿಗೂ ಟೆಸ್ಟ್ ಮಾಡಿದ್ರಾ?”

ದೊಡ್ಡ ಆಳು. ಮೀಸೆ ಇದ್ದವರು. ಆ ಪ್ರಶ್ನೆಯನ್ನು ಕೊತ್ತಗೆರೆಯಿಂದ ಹೊತ್ತು ತಂದು, ಅಮ್ಮ ಏಳುವವರೆಗೂ ಕಾದು, ಹೇಗೋ ಹೊರಗೆ ಹಾಕಿದ್ದರು. ಗೆಳತಿ ನನ್ನನ್ನೇ ನೋಡುತ್ತಿದ್ದಳು.

“ಮೊದ್ಲು ಅವರಿಗೇ ಮಾಡಿದ್ದು ಅಣ್ಣ” ಎಂದೆ. “ಅವರಿಗೂ ಹೋಗೋಕೆ ಮುಂಚೆ ಮುಜುಗರ ಇತ್ತು. ಒಳಗೆ ಹೋದ್ಮೇಲೆ ಏನಿಲ್ಲ. ಬರ್ತಾ ನಂಗೆ ಹೋಟ್ಲಲ್ಲಿ ದೋಸೆ ಕೊಡಿಸಿದ್ರು.”

ದೋಸೆ ಎಲ್ಲಿಂದ ಬಂತೋ ನನಗೇ ತಿಳಿಯದು. ನಾಲಿಗೆ ತಾನಾಗಿ ಜೋಡಿಸಿಕೊಂಡಿತು. ಅವರ ಭುಜ ಇಳಿಯಿತು. ಲೋಟ ಎತ್ತಿ ಒಂದೇ ಗುಟುಕಿಗೆ ಕಾಫಿ ಕುಡಿದು, “ಹಂಗಾದ್ರೆ ನಾಳೆನೇ ಹೋಗ್ಬರಾಣ” ಎಂದು ಹೆಂಡತಿಗೆ ಹೇಳಿ, ಬೈಕ್ ತಿರುಗಿಸಲು ಎದ್ದರು.

ಅವಳು ಅರಿಸಿನ ಕುಂಕುಮ ತೆಗೆದುಕೊಂಡು ಹೊಸ್ತಿಲು ದಾಟಿದಳು. ಗೇಟಿನವರೆಗೂ ಜೊತೆಗೆ ಹೋದೆ. ಬೈಕ್ ಸ್ಟಾರ್ಟ್ ಆದ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಂದಳು.

“ಚೆನ್ನಾಗ್ ಹೇಳ್ದೆ ಕಣೇ” ಎಂದಳು. “ನಿಜ ಗೊತ್ತಿದ್ದೂ, ನಾನೂ ನಂಬಿಬಿಟ್ಟೆ.”