ಜೈಬುನ್ನಿಸಾ ಖಾಲಾ ಹೇಳಿದ ತುರ್ಕಿಯ ಕತೆ

ನನ್ನ ಅಕ್ಷರ ಕೋಳಿ ಕೆದರಿದಂತಿದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಸಾಲುವುದಿಲ್ಲ. ತಪ್ಪಿದ್ದರೆ ಮನ್ನಿಸಿ ಓದಿಕೊಳ್ಳಿ.

ಜೈಬುನ್ನಿಸಾ ಖಾಲಾ ನನ್ನ ತಾಯಿಯ ಅಕ್ಕ. ಮುನವಳ್ಳಿಯ ನಮ್ಮ ಓಣಿಯಲ್ಲಿ ಹೆಂಗಸರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಸುತ್ತ ಕುಳಿತು ಕೌದಿ ಹೊಲಿಯುತ್ತಾರೆ. ವಾತದಿಂದ ಬೆರಳು ಸೆಟೆದ ಮೇಲೆ ಖಾಲಾಗೆ ಸೂಜಿ ಹಿಡಿಯಲಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂರಲಾರದೆ, ಗ್ರಂಥಾಲಯದ ಪುಸ್ತಕ ಓದಿ ಅವರಿಗೆ ಕತೆ ಹೇಳತೊಡಗಿದಳು. ಕತೆ ಬೇಡವಾದರೆ ತಾನೂ ಬೇಡವಾಗುತ್ತೇನೆಂಬ ಅಂಜಿಕೆ ಅವಳಿಗೆ.

ಈ ಸಲದ್ದು ಕನ್ನಡಕ್ಕೆ ಬಂದ ತುರ್ಕಿಯ ಕಾದಂಬರಿ. ಹೆಸರಿಲ್ಲದ ಒಂದು ಊರು. ಬೀದಿ ಕಡೆಯ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಬೇಕೆಂದು ಆಳುವವರ ಆಜ್ಞೆ. ಸಿಪಾಯಿಗಳು ಮಗನನ್ನು ಎಳೆದೊಯ್ದ ದಾರಿ ಕಾಣಲೆಂದು ಒಬ್ಬ ತಾಯಿ ಮಾತ್ರ ಮುಚ್ಚುವುದಿಲ್ಲ.

“ಇಂಥಾ ಊರು ಎಲ್ಲೈತಿ ಜೈಬೂ? ಸುಳ್ಳಿಗೂ ಒಂದು ಅಳತಿ ಬೇಕು,” ಎಂದಳು ಕೌದಿ ಹೊಲಿಯುತ್ತಿದ್ದ ರಾಚವ್ವ.

“ಎಲ್ಲೂ ಇಲ್ಲ ತಂಗಿ. ತುರ್ಕಿಯೊಳಗ ಸೈನ್ಯದಾವ್ರು ಸರಕಾರ ಕಿತ್ತು ಹಾಕಿ, ಮಂದೀನ ಜೇಲಿಗೆ ತುಂಬಿದ ಕಾಲಕ್ಕ ಇದನ್ನ ಬರದಾರ. ಊರಿನ ಹೆಸರು ಹೇಳಿದ್ರ ಬರದಾವ್ರೂ ಒಳಗ ಹೋಗತಿದ್ರು.”

ಕೌದಿ ಮುಗಿಯುವ ದಿನವೇ ಕತೆಯ ಕೊನೆಯೂ ಬಂತು. ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಗೆ ಸ್ವಲ್ಪ ಬಾಯಿ ಬಿಟ್ಟು, ಹೋಳಿಗೆಯ ಚೂರು ಇಟ್ಟು ಹೊಲಿಯುತ್ತಾರೆ. ಆ ಹೊತ್ತಿಗೆ ಕೆಟ್ಟ ಮಾತು ಆಡುವುದಿಲ್ಲ. ಓಣಿಗೆಲ್ಲ ಹಿರಿಯಳಾದ ಶೆಟ್ಟೆವ್ವ ಹೋಳಿಗೆ ಹಿಡಿದು, “ಮಗ ತಿರುಗಿ ಬಂದ ಅನ್ನು, ಕೌದಿ ಬಾಯಿ ಹೊಲದ ಬಿಡೂಣು,” ಎಂದಳು.

“ಬರೂದಿಲ್ಲ ಆಯಿ. ಸಿಪಾಯಿಗಳು ಬಂದು ಕಿಟಕಿ ಮುಚ್ಚತಾರ. ತಾಯಿ ಕತ್ತಲದಾಗ ಕುಂತಿರತಾಳ. ಅಷ್ಟ.”

“ಹೋಳಿಗಿ ಹಾಕೂ ಹೊತ್ತಿನ್ಯಾಗ ಇದೇನ ಅಪಶಕುನ! ಬದಲ ಮಾಡು. ಇಲ್ಲಾಂದ್ರ ನಾಳಿಂದ ನಿನ್ನ ಕತಿ ಬ್ಯಾಡ.”

ಖಾಲಾಳ ಮುಖ ಬಿಳಿಚಿತು. ಆದರೂ, “ಮಗನ್ನ ನಾ ಸುಳ್ಳ ಸುಳ್ಳ ತಂದು ಕೊಟ್ರ, ಎಳಕೊಂಡ ಹೋದವ್ರು ಬಚಾವ್ ಆಗತಾರ ಆಯಿ. ಬದಲ ಮಾಡೂದಿಲ್ಲ,” ಎಂದಳು.

ಶೆಟ್ಟೆವ್ವ ಕೈಯಲ್ಲಿದ್ದ ಹೋಳಿಗೆಯನ್ನೇ ನೋಡುತ್ತ ಕೇಳಿದಳು:

“ಸಿಪಾಯಿಗಳು ಎಷ್ಟ ಮಂದಿ ಬಂದಿದ್ರು?”

“ಒಂದು ಲಾರಿ ತುಂಬ.”

“ಒಬ್ಬ ಮುದುಕಿ ಕಿಟಕಿ ಮುಚ್ಚಾಕ ಲಾರಿ ತುಂಬ! ಇವರ ಮೀಸಿಗಿ ಬೆಂಕಿ ಹತ್ತಲಿ! ಗೆದ್ದಾಕಿ ಅಕೀನ ಬಿಡು,” ಎನ್ನುತ್ತ ಹೋಳಿಗೆಯನ್ನು ಕೌದಿಯೊಳಗೆ ತುರುಕಿದಳು.

ಎಲ್ಲರೂ ಗೊಳ್ಳೆಂದು ನಕ್ಕರು. ರಾಚವ್ವ ಕೌದಿಯ ಬಾಯಿ ಹೊಲಿಯುತ್ತಲೇ, “ಸಾಲಹಳ್ಳ್ಯಾಗ ನಮ್ಮಕ್ಕನ ಮನ್ಯಾಗೂ ಕೌದಿ ಹಾಸ್ಯಾರ. ಇದನ್ನ ಅಲ್ಲೂ ಬಂದು ಹೇಳಬೇಕು ನೋಡು, ಒಂದು ಮಾತೂ ಬದಲ ಮಾಡದಂಗ,” ಎಂದಳು. ಖಾಲಾ ಹಾಗೆ ತಲೆಯೆತ್ತಿ ನಕ್ಕದ್ದನ್ನು ನಾನು ಕಂಡಿರಲೇ ಇಲ್ಲ.

ಸೋಮವಾರ ಅವಳ ಜೊತೆ ಸಾಲಹಳ್ಳಿಗೆ ಹೋಗಿ, ಒಂದು ಮಾತೂ ಬದಲಾಗದಿರಲೆಂದು ಮೊದಲ ಅಧ್ಯಾಯವನ್ನು ಪುಸ್ತಕ ನೋಡಿಯೇ ನಾನು ಓದುತ್ತೇನೆ.