ಹಾಲಿನ ಚೀಲದೊಳಗಿನ ಬಿಳಿ ಕ್ಯಾನು

ಅಕ್ಕವ್ವಾ, ತಮ್ಮಣ್ಣಾ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆಯುತ್ತೇನೆ. ನಿಮ್ಮ ಅವ್ವನ ಹೊಟ್ಟೆಯ ಬಲಗಡೆ ಒಂದು ಉದ್ದನೆಯ ಹೊಲಿಗೆಯ ಗುರುತು ಇದೆಯಲ್ಲ, ಅದರ ಕೆಳಗೆ ಇರುವುದು ನಿಮ್ಮ ಅಜ್ಜಿಯಾದ ನನ್ನ ಮೂತ್ರಪಿಂಡ. ಅದು ನಿಮಗೆ ಗೊತ್ತು. ಕೊಟ್ಟದ್ದಕ್ಕೆ ಊರವರು ನನ್ನನ್ನು ಹೊಗಳಿದ್ದನ್ನೂ ಕೇಳಿದ್ದೀರಿ. ಕೊಟ್ಟ ಮೇಲೆ ಅದನ್ನು ನಾನೇ ಹಾಳು ಮಾಡುವುದರಲ್ಲಿದ್ದೆ ಎಂಬುದು ಗೊತ್ತಿಲ್ಲ. ಅದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ; ಈ ಸಂಗತಿಗೆ ಅಷ್ಟು ಸಾಕು.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಿಮ್ಮ ಅವ್ವನ ಮದುವೆಯಾಯಿತು. ನೀವಿಬ್ಬರೂ ಹುಟ್ಟಿದ ಮೇಲೆ ಅವಳ ಕಾಲು, ಮುಖ ಬಾತುಕೊಳ್ಳತೊಡಗಿದವು. ಎರಡೂ ಮೂತ್ರಪಿಂಡ ಕೆಟ್ಟಿವೆ ಎಂದರು. ನಿಮ್ಮ ಅಜ್ಜ ಆಗಲೇ ತೀರಿಕೊಂಡಿದ್ದರು. ನನ್ನದು ಹೊಂದಿತು, ಕೊಟ್ಟೆ. ಅದಕ್ಕೆ ಎರಡನೆಯ ಯೋಚನೆ ಇರಲಿಲ್ಲ. ನಿಮ್ಮ ಅಪ್ಪನಿಗೆ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸ. ಮನೆಯೂ ಮಿಲ್ಲಿನ ಪಕ್ಕದಲ್ಲೇ. ಆ ಧೂಳು ಆಗದು ಎಂದು ಆಪರೇಶನ್ ಆದ ಮೇಲೆ ಮಗಳನ್ನೂ ನಿಮ್ಮನ್ನೂ ಮಂಗಳೂರಿಗೆ ಕರೆತಂದೆ. ನಮ್ಮ ಮಂಗಳೂರು, ಯಲಬುರ್ಗಾ ಕಡೆಯದು.

ನನಗೆ ಎರಡು ಎಮ್ಮೆಗಳಿದ್ದವು. ಹತ್ತಾರು ಮನೆಗಳಿಗೆ ಹಾಲು ಹಾಕುತ್ತಿದ್ದೆ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ನೀರು ಬೆರೆಸಿದ ಹಾಲು ನನ್ನ ಮನೆಯಿಂದ ಒಂದು ದಿನವೂ ಹೊರಗೆ ಹೋಗಿಲ್ಲ.

ಆಪರೇಶನ್ ಆಗಿ ಏಳು ತಿಂಗಳಾಗಿತ್ತು. ಹುಬ್ಬಳ್ಳಿಯ ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿದರು.

“ರಕ್ತ ಛಲೋ ಐತಲ್ರಿ ಸರ?” ಎಂದು ಕೇಳಿದಳು ನಿಮ್ಮ ಅವ್ವ. ದವಾಖಾನೆಯಲ್ಲಿ ಮಾತಾಡುತ್ತಿದ್ದವಳು ಅವಳೇ. ನಾನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ.

“ರಕ್ತ ತಡಾ ಮಾಡಿ ಹೇಳತೈತವ್ವ. ಮೂತ್ರ ಮೊದಲ ಹೇಳತೈತಿ. ಮೈಯಾಗ ಉಳೀಬೇಕಾದ ಪ್ರೋಟೀನ್ ಸೋರಾಕ ಹತ್ತೈತಿ. ಹೊಸಾ ಕಿಡ್ನಿನ್ನ ಮೈ ಒಲ್ಲೆ ಅನ್ನಾಕ ಹತ್ತಿರಬಹುದು. ಒಂದು ವಾರ ಬಿಟ್ಟು, ಒಂದು ಇಡೀ ದಿನದ ಮೂತ್ರ ಹಿಡಕೊಂಡು ಬರ್ರಿ. ಹೆಚ್ಚಾಗಿದ್ರ ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತಗದು ನೋಡೂಣು.”

ಐದು ಲೀಟರಿನ ಬಿಳಿ ಕ್ಯಾನು ಕೊಟ್ಟರು. ಬೆಳಗಿನ ಮೊದಲನೆಯದನ್ನು ಚೆಲ್ಲಿ, ಆಮೇಲಿನದನ್ನೆಲ್ಲ ಮರುದಿನ ಬೆಳಗಿನವರೆಗೆ ಅದರಲ್ಲಿ ತುಂಬಬೇಕು.

ಹಗಲೆಲ್ಲ ನೀರು ಕಡಿಮೆ ಕುಡಿದು, ಕತ್ತಲಾಗುವವರೆಗೆ ತಡೆದುಕೊಂಡು ಬದುಕಿದ ಹೆಂಗಸರು ನಾವು. ಆ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ. “ಹೊರಗ ಹೋಗಿ ಬರ್ತೀನಿ” ಅಂದರೆ ಮುಗಿಯಿತು. ಅಂಥ ನಾನು ಅದನ್ನು ಬಸ್ಸಿನಲ್ಲಿ ಎಲ್ಲರ ಕಣ್ಣೆದುರು ಹೇಗೆ ಒಯ್ಯಲಿ? ಹಾಲಿನ ಕ್ಯಾನು ಇಡುವ ನನ್ನ ಹಳೆಯ ಚೀಲದಲ್ಲಿ ಅದನ್ನು ಇಟ್ಟೆ. ನೋಡಿದವರು ಹಾಲು ಅಂದುಕೊಳ್ಳಲಿ ಎಂದೇ ಇಟ್ಟೆ.

ಹುಬ್ಬಳ್ಳಿಯ ಟ್ರೇನು ಹಿಡಿಯಲೆಂದು ಹತ್ತಿದ ಕೊಪ್ಪಳದ ಬಸ್ಸಿನಲ್ಲಿ ನಿಮ್ಮ ಅವ್ವ ಬಾಯಿಗೆ ಬಟ್ಟೆ ಕಟ್ಟಿಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ನಿದ್ದೆಹೋದಳು. ನಾನು ಹಿಂದೆ, ಕಾಲ ನಡುವೆ ಚೀಲ. ಕುಕನೂರಿನಲ್ಲಿ ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತಳು. ಕೂಸು ಒಂದೇ ಸಮನೆ ಅಳುತ್ತಿತ್ತು.

“ಯಕ್ಕಾ, ಹಾಲಲ್ಲೇನ್ರಿ? ಒಂದು ಲೋಟ ಹಾಕ್ರಿ, ಕೂಸು ಹಸದೈತಿ.”

“ಕೆಟ್ಟೈತವ್ವ.”

“ಕೆಟ್ಟ ಹಾಲು ಹೊತ್ಕೊಂಡು ಕೊಪ್ಪಳಕ ಹೊಂಟೀರೇನು? ಮಾರಾಕ ಛಲೋ ಐತಿ, ಕೂಸಿಗಿ ಕೊಡಾಕ ಕೆಟ್ಟೈತಿ!”

ಹಿಂದಿನ ಸೀಟಿನಿಂದ ಒಬ್ಬ, “ಹಾಕ ಬೇ ಯಕ್ಕಾ, ಒಂದು ಲೋಟಕ್ಕ ನಿನ್ನ ಎಮ್ಮಿ ಬತ್ತಂಗಿಲ್ಲ” ಅಂದ. ಸುತ್ತಲಿನವರು ನಕ್ಕರು. ಆ ಹೆಂಗಸು ಲೋಟ ತೆಗೆದು, ತಾನೇ ಬಗ್ಗಿ ಮುಚ್ಚಳ ತಿರುವಿದಳು. ನಾನು ಗಾಬರಿಯಲ್ಲಿ ಕ್ಯಾನನ್ನು ಎಳೆದೆ. ಮುಚ್ಚಳ ಅವಳ ಕೈಯಲ್ಲಿ ಉಳಿಯಿತು. ನಾನು ನೆಟ್ಟಗೆ ಹಿಡಿಯುವಷ್ಟರಲ್ಲಿ ಅರ್ಧದಷ್ಟು ಬಸ್ಸಿನ ತಳಕ್ಕೆ ಹರಿದುಹೋಗಿತ್ತು. ಅವಳು ಮೂಗಿಗೆ ಸೆರಗು ಹಿಡಿದು, ಎದ್ದು ಮುಂದೆ ಹೋದಳು.

“ಏನ್ರಿ ಇದು?” ಕಂಡಕ್ಟರ್ ಕೇಳಿದ.

“ನೀರು,” ಅಂದೆ.

ಮನೆಯಲ್ಲಿ ಹೊರಡುವಾಗ ನಿಮ್ಮ ಅವ್ವ ಎರಡೂವರೆ ಲೀಟರ್ ಎಂದು ತನ್ನ ವಹಿಯಲ್ಲಿ ಬರೆದುಕೊಂಡಿದ್ದಳು. ಮೂತ್ರ ಹೆಚ್ಚು ಬಂದರೆ ದವಾಖಾನೆಯ ನರ್ಸುಗಳು ಹಿಗ್ಗುತ್ತಿದ್ದರು; ಕಡಿಮೆ ಕಂಡರೆ ಮಗಳನ್ನು ಅಲ್ಲೇ ಮಲಗಿಸಿಕೊಂಡಾರು ಎಂಬ ಹೆದರಿಕೆ ನನಗೆ. ಕೊಪ್ಪಳದಲ್ಲಿ ಇಳಿದವಳೇ, ಅವಳು ಬೆಂಚಿನ ಮೇಲೆ ಕೂತಿದ್ದಾಗ ನಲ್ಲಿಗೆ ಹೋಗಿ ಕ್ಯಾನಿಗೆ ನೀರು ತುಂಬಿದೆ. ಹಾಲು ಅಳೆದ ಕೈ. ಮೊದಲಿದ್ದ ಗೆರೆಗೆ ಸರಿಯಾಗಿ ನಿಂತಿತು.

ಹುಬ್ಬಳ್ಳಿಯಲ್ಲಿ ಕ್ಯಾನು ಕೊಟ್ಟ ಮರುದಿನ ವರದಿ ಬಂತು. ಡಾಕ್ಟರ ಮುಖ ಅರಳಿತು.

“ಪ್ರೋಟೀನ್ ಅರ್ಧಕ್ಕ ಇಳದೈತಿ. ಸೂಜಿ ಈಗ ಬ್ಯಾಡ. ಒಂದು ತಿಂಗಳ ಬಿಟ್ಟು ಬರ್ರಿ.”

ಹೊರಗೆ ಬಂದ ನಿಮ್ಮ ಅವ್ವ ನನ್ನ ಕೈ ಹಿಡಿದು ಅತ್ತಳು. “ನಡಿ ಬೇ ಅವ್ವಾ, ಮಧ್ಯಾಹ್ನದ ಟ್ರೇನಿಗಿ ಹೋಗೂಣು. ಹುಡುಗ್ರು ದಾರಿ ನೋಡ್ತಿರ್ತಾವು.”

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಅರ್ಧ ಚೆಲ್ಲಿದೆ, ಅರ್ಧ ಇಳಿದಿದೆ. ಈ ಲೆಕ್ಕಕ್ಕೆ ಹೆಚ್ಚಿನ ಓದು ಬೇಡ. ಮೊದಲು ಹೇಳಬೇಕಾದ ಮೂತ್ರದ ಬಾಯಿಯನ್ನೇ ನಾನು ಮುಚ್ಚಿಸಿ ತಂದಿದ್ದೆ.

“ಇಲ್ಲೇ ಕುಂದ್ರು,” ಅಂದು ಒಬ್ಬಳೇ ಒಳಗೆ ಹೋದೆ. ಬೇರೆ ರೋಗಿಗಳು ಕೂತಿದ್ದರು. ಅಷ್ಟು ಜನರ ಮುಂದೆ ಡಾಕ್ಟರ ಎದುರು ನಾನು ಮಾತಾಡಿದ್ದು ಅದೇ ಮೊದಲು.

“ಸರ, ನಾ ನೀರು ಹಾಕೀನ್ರಿ.”

“ಯಾವುದರಾಗ?”

“ಕ್ಯಾನಿನ್ಯಾಗ್ರಿ. ಬಸ್ಸಿನ್ಯಾಗ ನನ್ನ ಮಗಳ ಉಚ್ಚಿ ಅರ್ಧ ಚೆಲ್ಲಿತ್ರಿ. ಅಷ್ಟ ನೀರು ತುಂಬಿ ತಂದೀನಿ.”

ಯಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. ವರದಿಯನ್ನು ಮತ್ತೆ ಎಳೆದುಕೊಂಡು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. “ಮೂತ್ರದಾಗ ಹೋಗೂ ಮೈಯಾಗಿನ ಕಸಾ ಇದು, ದಿನಾ ಹೆಚ್ಚುಕಡಿಮಿ ಅಷ್ಟ ಬರಬೇಕು. ಇದೂ ಅರ್ಧ ಆಗೈತಿ. ನಾನರ ನೋಡಬೇಕಿತ್ತು.” ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, “ಚೆಲ್ಲಿದ್ದು ತಪ್ಪಲ್ಲವ್ವ. ಚೆಲ್ಲೈತಿ ಅಂತ ಹೇಳಿದ್ರ ಸಾಕಿತ್ತು.”

ಅಲ್ಲೇ ಉಳಿಸಿಕೊಂಡು ಮತ್ತೆ ಒಂದು ದಿನದ್ದನ್ನು ಹಿಡಿದರು. ಪ್ರೋಟೀನ್ ಇಳಿದಿರಲಿಲ್ಲ, ಏರಿತ್ತು. ಸೂಜಿ ಹಾಕಿ ನೋಡಿದರು. ಅವಳ ಮೈ ನನ್ನ ಮೂತ್ರಪಿಂಡದ ಮೇಲೆ ಜಗಳಕ್ಕೆ ನಿಂತಿತ್ತು, ಜಗಳ ಇನ್ನೂ ಶುರುವಿನಲ್ಲೇ ಇತ್ತು. ಮೂರು ದಿನ ನರದಲ್ಲಿ ಔಷಧಿ ಬಿಟ್ಟರು, ದಿನದ ಗುಳಿಗೆ ಬದಲಿಸಿದರು. ವಾರಗಳು ಕಳೆದಂತೆ ಸೋರುವುದು ನಿಂತಿತು. ತಿಂಗಳು ಕಾದಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು.

ನಿಮ್ಮ ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಗ್ಲಾಸಿನ ನೀರು ಕೈಗೆ ತಗೊಂಡು, “ಹಾಲಿಗಿ ಹಾಕದಾಕಿ, ನನ್ನ ಉಚ್ಚಿಗಿ ಹಾಕಿದೆಲ್ಲ ಬೇ!” ಅಂದಳು. ಇಬ್ಬರೂ ಹೊಲಿಗೆ ನೋಯುವಷ್ಟು ನಕ್ಕೆವು.

ಮುಂದಿನ ಸಲ ಕ್ಯಾನನ್ನು ಚೀಲದಲ್ಲಿ ಇಡಲಿಲ್ಲ. “ಹಾಲೇನ್ರಿ?” ಎಂದ ಒಬ್ಬನಿಗೆ, “ಅಲ್ಲಪ್ಪ, ಮಗಳ ಉಚ್ಚಿ. ದವಾಖಾನಿಗಿ ಒಯ್ಯಾಕ ಹತ್ತೀನಿ,” ಅಂದೆ. ಪಾಪ, ಅವನು ಎದ್ದು ಜಾಗ ಬಿಟ್ಟ.

ಇಂದು ನಿಮ್ಮ ಅವ್ವ ನನಗಿಂತ ಜೋರಾಗಿ ಓಡಾಡುತ್ತಾಳೆ. ಈಗ ಇಡೀ ದಿನದ್ದು ಬೇಕಾಗಿಲ್ಲ, ಸಣ್ಣ ಬಾಟಲಿ ಸಾಕು. ಆದರೆ ಪರೀಕ್ಷೆ ತಪ್ಪಿಸುವಂತಿಲ್ಲ, ಮುಚ್ಚಿಡುವಂತಿಲ್ಲ. ನನ್ನ ನಂತರ ಅವಳ ಜೊತೆ ಹೋಗುವವರು ನೀವು. ಅವಳ ವರದಿಗಳ ತಗಡಿನ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮೇಲೆ, ಮುಚ್ಚಳ ತೆಗೆದ ಕೂಡಲೇ ಕೈಗೆ ಸಿಗುವ ಹಾಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.