ಪೂಜೆಗಿಟ್ಟ ಪಾನಾ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ತಾಂಡೂರಿನ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನಗೆ ಸಂಬಳ ಕೊಡುತ್ತಿದ್ದುದೇ ನಂಬದಿರುವುದಕ್ಕೆ. ಹಿಂದಿನ ಪಾಳಿಯವನು ಬರೆದಿಟ್ಟ ಅಂಕಿಯನ್ನು ಇನ್ನೊಮ್ಮೆ ಪರೀಕ್ಷಿಸದೆ ಸಹಿ ಹಾಕುತ್ತಿರಲಿಲ್ಲ. ಅಂಥ ನಾನು ಒಬ್ಬನ ಮಾತು ನಂಬಿ ಕೆಟ್ಟೆ. ಅವನು ನನ್ನ ಜೀವದ ಗೆಳೆಯ. ಥೂ, ಆ ಶಬ್ದ ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ನಾರಾಯಣಖೇಡದಲ್ಲಿ ನಮ್ಮಿಬ್ಬರ ಮನೆ ಒಂದೇ ಓಣಿಯಲ್ಲಿ. ಅವನ ತಾಯಿ ನನಗೆ ಚಿಗವ್ವ, ನನ್ನ ತಾಯಿ ಅವನಿಗೆ ದೊಡ್ಡವ್ವ. ರಕ್ತಸಂಬಂಧವೇನೂ ಇಲ್ಲ, ಓಣಿಯ ಸಲಿಗೆ ಅಷ್ಟೆ. ದೊಡ್ಡವರಾದ ಮೇಲೆ ನಾನು ಅವ್ವನನ್ನು ಕರೆದುಕೊಂಡು ತಾಂಡೂರು ಸೇರಿದೆ. ಅವನು ತನ್ನ ತಾಯಿಯೊಂದಿಗೆ ಜಹೀರಾಬಾದಿಗೆ ಹೋಗಿ ಗ್ಯಾರೇಜು ಹಾಕಿದ. ರಜೆ ಸಿಕ್ಕರೆ ನಾನು ಆ ಗ್ಯಾರೇಜಿನಲ್ಲೇ ಬಿದ್ದಿರುತ್ತಿದ್ದೆ. ನನ್ನ ಹಳೆಯ ಪುಟ್ಟ ಕಾರಿಗೆ ಇಬ್ಬರೂ ಸೇರಿ ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕೂರಿಸಿದ್ದೆವು. ತೆಲಂಗಾಣ ಚಳವಳಿಯ ಕಾಲ. ಬಂದ್ ದಿನ ಹೆದ್ದಾರಿ ಖಾಲಿ ಬಿದ್ದಿರುತ್ತಿತ್ತು, ನಮ್ಮ ಕಾರು ಹಾರುತ್ತಿತ್ತು. ಎಲ್ಲರಂತೆ ನಾನೂ ನಂಬರ್ ಪ್ಲೇಟಿನಲ್ಲಿ ಆಂಧ್ರದ ಎಪಿ ಅಳಿಸಿ ತೆಲಂಗಾಣದ ಟಿಜಿ ಬರೆಸಿಕೊಂಡಿದ್ದೆ.

ಓಡುವುದನ್ನು ಕಲಿಸಿದೆವು, ನಿಲ್ಲುವುದನ್ನು ಕಲಿಸಿರಲಿಲ್ಲ. ಅನಂತಗಿರಿ ಘಾಟು ಇಳಿಯುವಾಗ ಒಮ್ಮೆ ಬ್ರೇಕು ಕಾದು ಹೊಗೆ ಬಂತು, ಪೆಡಲ್ ಒತ್ತಿದರೂ ಕಾರು ಹತೋಟಿಗೆ ಬರಲೊಲ್ಲದು. ಅಂದೇ ಇಬ್ಬರೂ ತೀರ್ಮಾನ ಮಾಡಿದೆವು, ಕ್ಯಾಲಿಪರ್ ಬದಲಿಸಬೇಕು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪಿಸ್ಟನ್ನಿನಿಂದ ಪ್ಯಾಡು ಒತ್ತಿ ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದಲ್ಲ, ಅದೇ ಕ್ಯಾಲಿಪರ್.

"ಆರು ಪಿಸ್ಟನ್ನಿಂದು ಹಾಕೂಣು ಲೇ. ಮಂದಿ ನಿಂತು ನೋಡ್ಬೇಕು," ಅಂದ ಅವನು.

"ಮಂದಿ ನಿಲ್ಲೂದು ಬ್ಯಾಡಪ, ಮೊದಲು ಕಾರು ನಿಲ್ಲಲಿ."

ಲೆಕ್ಕ ಹಾಕಿದೆ. ಪಿಸ್ಟನ್ ಹೆಚ್ಚಾದಷ್ಟೂ ಬ್ರೇಕಿನ ಎಣ್ಣೆ ಹೆಚ್ಚು ಬೇಕು. ಪೆಡಲ್ ಒತ್ತಿದಾಗ ನಮ್ಮ ಮಾಸ್ಟರ್ ಸಿಲಿಂಡರ್ ಒಂದು ಸಲಕ್ಕೆ ತಳ್ಳುವುದೇ ಇಷ್ಟು. ಆಚೆ ಹೋದರೆ ಪೆಡಲ್ ನೆಲ ಮುಟ್ಟುತ್ತದೆ. ಮಿಠಾಯಿ ಡಬ್ಬಿಯ ರಟ್ಟನ್ನು ಕ್ಯಾಲಿಪರ್ ಆಕಾರಕ್ಕೆ ಕತ್ತರಿಸಿ ಚಕ್ರದೊಳಗೆ ಇಟ್ಟು ನೋಡಿದೆ. ಆರರದ್ದು ಕಡ್ಡಿಗಳಿಗೆ ತಾಗಿತು, ನಾಲ್ಕರದ್ದಕ್ಕೆ ಹೆಬ್ಬೆರಳಿನಷ್ಟು ಜಾಗ ಉಳಿಯಿತು. ಹೀಗೇ ಒಂದು ತಿಂಗಳು. ಹೆಣ್ಣು ನೋಡಲು ಬಂದಾಗ ಅರ್ಧ ಗಂಟೆಯಲ್ಲಿ ಒಪ್ಪಿಬಿಟ್ಟಿದ್ದಿರಿ ಅಂತ ಹೆಂಡತಿ ಚುಚ್ಚಿದಳು. ಕಡೆಗೆ ಭಾರದ ವಿದೇಶಿ ಕಾರೊಂದರಿಂದ ಬಿಚ್ಚಿದ, ನಾಲ್ಕು ಪಿಸ್ಟನ್ನಿನ, ಎಡಕ್ಕೊಂದು ಬಲಕ್ಕೊಂದು ಜೋಡಿ ಆರಿಸಿದೆ. ಹೈದರಾಬಾದಿನಲ್ಲಿ ತನಗೆ ಗೊತ್ತಿದ್ದ ವ್ಯಾಪಾರಿಯಿಂದ ತರಿಸಿ, ದಸರೆಗೆ ಕೂರಿಸಿಕೊಡುತ್ತೇನೆ ಅಂತ ಅವನು ಊರಿನ ಓಣಿಯವರೆದುರೇ ಮಾತು ಕೊಟ್ಟ.

ಆ ಹೊತ್ತಿಗೆ ತೆಲಂಗಾಣಕ್ಕಾಗಿ ದೊಡ್ಡ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಲಾರಿಗಳೂ ಬಂದರೆ ಬಂದವು, ಇಲ್ಲವಾದರೆ ಇಲ್ಲ. ಅದೃಷ್ಟಕ್ಕೆ ನಮ್ಮ ಕ್ಯಾಲಿಪರಿನ ಡಬ್ಬಿ ಬಂದಿದೆ ಅಂತ ಅವನ ಫೋನು ಬಂತು. ಕಾರು ಅವನಲ್ಲೇ ಇತ್ತು. ಖಂಡೇನವಮಿಯ ಸಂಜೆ ಅವ್ವನ ಜೊತೆ ಯಾವುದೋ ಜೀಪು ಹಿಡಿದು ಜಹೀರಾಬಾದು ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಾರಿಗೆ ಚೆಂಡುಹೂವಿನ ಹಾರ, ಚಕ್ರದ ಕಡ್ಡಿಗಳ ನಡುವೆ ಕೆಂಪು ಕ್ಯಾಲಿಪರ್, ಅದಕ್ಕೂ ಕುಂಕುಮ. ನಟ್ಟು ಬಿಚ್ಚುವ ಪಾನಾ, ಜ್ಯಾಕು, ಸುತ್ತಿಗೆ ಎಲ್ಲವೂ ತಾಂಡೂರು ಕಲ್ಲಿನ ಹಾಸಿನ ಮೇಲೆ ಸಾಲಾಗಿ ಪೂಜೆಗೆ ಕೂತಿದ್ದವು.

ಕೂತು ಪೆಡಲ್ ಒತ್ತಿದೆ. ಮೆತ್ತಗಿತ್ತು. ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಯಿತು.

"ಚಕ್ರ ಬಿಚ್ಚು ಲೇ, ಒಮ್ಮೆ ನೋಡ್ತೀನಿ."

"ಹುಚ್ಚಾ, ಪೂಜಾಕ್ಕ ಇಟ್ಟ ಪಾನಾ ಎತ್ತಾಕ ಬರ್ತದೇನು? ಹೊಸ ಪ್ಯಾಡು, ಕೂಡಬೇಕು. ನೂರು ಕಿಲೋಮೀಟರ್ ಓಡ್ಲಿ, ಕಲ್ಲಿನಂಗ ಆಗ್ತದ."

ನಮ್ಮಲ್ಲಿ ನವಮಿಗೆ ಪೂಜೆಗಿಟ್ಟ ಆಯುಧವನ್ನು ಮರುದಿನ ಸಂಜೆ ಬನ್ನಿ ಹಂಚುವ ತನಕ ಯಾರೂ ಮುಟ್ಟುವುದಿಲ್ಲ, ಗಾಡಿಗಳಿಗೆ ಮಾತ್ರ ಆ ನೇಮವಿಲ್ಲ. ಅವ್ವನೂ ಗದರಿದಳು, "ಹಬ್ಬದಾಗ ಬಿಚ್ಚೂದು ಕಟ್ಟೂದು ಅನಬ್ಯಾಡ." ಕಾರಿನಿಂದ ಇಳಿದುಬಿಟ್ಟೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ.

ಆ ರಾತ್ರಿ ಗ್ಯಾರೇಜಿನ ಹಿಂದಿನ ಅವನ ಮನೆಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಬನ್ನಿಗೆಂದು ನಾರಾಯಣಖೇಡಕ್ಕೆ ಹೊರಟೆವು. ನಾನು, ಅವ್ವ, ಜೊತೆಗೆ ಚಿಗವ್ವ. ಚಿಗವ್ವ ನಮಗಿಂತ ಮೊದಲೇ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಒಳಗಿನಿಂದ ಅವನು ಓಡಿ ಬಂದ.

"ಯವ್ವಾ, ನೀ ಇಳಿ. ಕಾರಿನ್ಯಾಗ ಹೊಟ್ಟಿ ತೊಳಸ್ತದ ನಿನಗ."

"ಎಂದು ತೊಳಸ್ಯಾದೋ ನನಗ?"

"ಇಳಿ ಅಂದ್ರ ಇಳಿಬೇಕು. ಮಧ್ಯಾಹ್ನ ಜೀಪಿನ್ಯಾಗ ನಾನೇ ಕರಕೊಂಡು ಬರ್ತೀನಿ."

ಆಕೆ ಗೊಣಗುತ್ತ ಇಳಿದಳು. ಪ್ರತಿ ರಿಪೇರಿಯ ನಂತರ ಮೊದಲ ಓಟಕ್ಕೆ ನನ್ನ ಪಕ್ಕ ಕೂರುತ್ತಿದ್ದವನು, ಅಂದು ಟ್ರ್ಯಾಕ್ಟರ್ ಪೂಜೆಗೆ ಗಿರಾಕಿ ಬರುತ್ತಾನೆ ಅಂದ. "ದೊಡ್ಡವ್ವಾ, ನೀ ಆರಾಮ ಕುಂದ್ರು," ಅಂತ ಅವ್ವನ ಕಡೆಯ ಬಾಗಿಲನ್ನು ತಾನೇ ಹಾಕಿದ.

ನ್ಯಾಲ್ಕಲ್ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಹಳ್ಳಕ್ಕೆ ಇಳಿದು ಮತ್ತೆ ಏರುತ್ತದೆ. ಸೇತುವೆಯ ಆಚೆ ಚಳವಳಿಯವರು ರಸ್ತೆ ಮೇಲೇ ಒಲೆ ಹೂಡಿ ಹಬ್ಬದಡಿಗೆ ನಡೆಸಿದ್ದರು. ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಸಾಲಾಗಿ ಜನ ಉಣ್ಣಲು ಕೂತಿದ್ದರು. ಬ್ರೇಕು ಒತ್ತಿದೆ. ಕಾಲು ನೆಲಕ್ಕೆ ಹೋಯಿತು. ಹಾರ್ನು ಹೊಡೆಯುತ್ತ ಪಂಪು ಹೊಡೆದಂತೆ ಒತ್ತಿದೆ. ಎಡಗಡೆಯ ಚಕ್ರವಷ್ಟೇ ಹಿಡಿಯಿತು, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ತೊಗರಿ ಹೊಲಕ್ಕೆ ನುಗ್ಗಿ ಒಡ್ಡಿಗೆ ಬಡಿಯಿತು. ಉಣ್ಣುವ ಸಾಲಿನ ಕಡೆಯ ಮುದುಕಿಗೂ ನಮಗೂ ಹತ್ತು ಹೆಜ್ಜೆ ಅಂತರ ಇದ್ದಿರಬೇಕು.

"ಲೇ, ಮಂದಿ ಮ್ಯಾಲ ಗಾಡಿ ಹಾಕಾಕ ಯಾರು ಕಳಿಸ್ಯಾರೋ ನಿನಗ?" ಒಬ್ಬ ನನ್ನ ಕಾಲರು ಹಿಡಿದ. ಇನ್ನೊಬ್ಬ ಪ್ಲೇಟು ನೋಡಿ, "ಟಿಜಿ ಅದ, ನಮ್ಮವನೇ ಬಿಡ್ರಿ," ಅಂದ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವ್ವನ ನರಳಾಟ ಕೇಳಿತು. ಬಲಗೈ ಮಣಿಕಟ್ಟು ಮುರಿದು ಜೋತುಬಿದ್ದಿತ್ತು. ಬೈದವರೇ ಒಲೆ ಸರಿಸಿ ದಾರಿ ಮಾಡಿ, ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು.

ನಾಲ್ಕನೆಯ ದಿನ ನನ್ನದೇ ಪಾನಾ ಹಿಡಿದು ಆ ಹೊಲಕ್ಕೆ ಹೋದೆ. ಎಡ ಚಕ್ರ ಬಿಚ್ಚಿದೆ, ಸರಿ ಇತ್ತು. ಬಲ ಚಕ್ರ ಬಿಚ್ಚಿದೆ. ಎಣ್ಣೆಯಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ನಿಪ್ಪಲ್ ಮೇಲಿರಬೇಕಾದದ್ದು ಕೆಳಗಿತ್ತು. ಕ್ಯಾಲಿಪರಿನ ಬೆನ್ನ ಮೇಲೆ ಎಡಗಡೆಯದು ಅಂತ ಗುರುತು. ಎರಡೂ ಎಡಗಡೆಯವು! ಒಂದನ್ನು ತಲೆಕೆಳಗು ಮಾಡಿ ಬಲಕ್ಕೆ ಕೂರಿಸಿದ್ದ. ಗಾಳಿ ಮೇಲೇರುತ್ತದೆ, ಕೆಳಗಿನ ನಿಪ್ಪಲಿನಿಂದ ಅದು ಹೊರಗೆ ಬರುವುದಾದರೂ ಹೇಗೆ? ಒಳಗೇ ಉಳಿದ ಗಾಳಿ ಪೆಡಲಿನ ಒತ್ತಡವನ್ನೆಲ್ಲ ನುಂಗಿಬಿಡುತ್ತದೆ. ಹತ್ತು ವರ್ಷ ಬ್ರೇಕು ಕಟ್ಟಿದವನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

ಅದನ್ನು ಬಿಚ್ಚಿ ಒಯ್ದು ಗ್ಯಾರೇಜಿನ ಕಲ್ಲಿನ ಮೇಲೆ ಇಟ್ಟೆ. ಅವನು ಅದನ್ನು ನೋಡಲೇ ಇಲ್ಲ.

"ಡಬ್ಬಿ ಬಿಚ್ಚಿದಾಗ ಗೊತ್ತಾತು. ಎರಡೂ ಎಡಗಡೀವೇ ಕಳಿಸ್ಯಾರ. ತಿರುಗಿ ಕಳಸಾಕ ಲಾರಿ ಇಲ್ಲ. ಹಬ್ಬ ಆದಮ್ಯಾಲ ಬದಲಿ ಮಾಡಿದ್ರಾತು ಅಂದ್ಕೊಂಡೆ."

"ಹಳೇದೇ ಇರ್ಲಿ ಅಂತ ಒಂದು ಮಾತು ಹೇಳಿದ್ರ ನಾ ಬ್ಯಾಡ ಅಂತಿದ್ನೇನೋ?"

"ಓಣಿ ಮಂದಿ ಮುಂದ ಮಾತು ಕೊಟ್ಟಿದ್ದೆ. ಆಗಲಿಲ್ಲ ಅಂದಿದ್ರ ನೀ ಬ್ಯಾರೆ ಗ್ಯಾರೇಜಿಗೆ ಒಯ್ತಿದ್ದಿ."

ಇಷ್ಟೇ ಆಗಿದ್ದರೆ ನಾಲ್ಕು ಬಾರಿಸಿ ಕ್ಷಮಿಸಿಬಿಡುತ್ತಿದ್ದೆನೇನೋ. ಮಾನಕ್ಕೆ ಅಂಜಿ ಯಾರು ಸುಳ್ಳು ಹೇಳಿಲ್ಲ? ಆದರೆ ಒಳಗೆ ಚಿಗವ್ವ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ಆಗ ನನಗೆ ಆ ಬೆಳಗು ನೆನಪಾಯಿತು.

"ನಿಮ್ಮವ್ವನ್ನ ಯಾಕ ಇಳಿಸಿದಿ?"

ಅವನು ಎಣ್ಣೆಯೇ ಅಂಟದ ಕೈಯನ್ನು ಬಟ್ಟೆಯಿಂದ ಒರೆಸುತ್ತ ನಿಂತ.

ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಇಬ್ಬರು ಮುದುಕಿಯರ ನಲವತ್ತು ವರ್ಷದ ಸ್ನೇಹ ಅಂದೇ ಮುರಿದು ಬೀಳುತ್ತಿತ್ತು. ನಾನೇ ಜೋರಾಗಿ ಓಡಿಸಿದೆ ಅಂತ ತಪ್ಪು ಮೈಮೇಲೆ ಹಾಕಿಕೊಂಡೆ. ಕಾರು ಮಾರಿದೆ. ಗ್ಯಾರೇಜಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ಮರುವರ್ಷ ದಸರೆಗೆ ಅವ್ವನನ್ನು ನಾರಾಯಣಖೇಡಕ್ಕೆ ಕರೆದುಕೊಂಡು ಹೋದಾಗ ಅವನು ಬನ್ನಿ ಹಿಡಿದು ಮನೆಗೇ ಬಂದ. "ಬಂಗಾರದಂಗ ಇರೂಣು ದೊಡ್ಡವ್ವಾ," ಅಂತ ಕಾಲಿಗೆ ಬಿದ್ದ. ಸರಿಯಾಗಿ ತಿರುಗದ ಬಲಗೈಯನ್ನೇ ಅವ್ವ ಅವನ ತಲೆ ಮೇಲೆ ಇಟ್ಟಳು. ನನ್ನ ಕಡೆ ಕಣ್ಣು ತೋರಿಸಿ, "ಇವಗೊಂದಿಷ್ಟು ಬುದ್ಧಿ ಹೇಳೋ. ಗಾಡಿ ಹುಚ್ಚನಂಗ ಓಡಸ್ತಾನ. ನೀ ಹೇಳಿದ್ರ ಕೇಳ್ತಾನ," ಅಂದಳು.

ಅವನು ಎದ್ದ. ನನ್ನ ಮುಖ ನೋಡಲಿಲ್ಲ.

"ಹೇಳ್ತೀನಿ ದೊಡ್ಡವ್ವಾ," ಅಂದ.